ಜಾರಿ

ಸೊಲ್ಲಾಪುರದ ಕೋರ್ಟಿನಾಗ ಫ್ಯಾನ್ ಇದ್ದದ್ದು ಒಂದ,
ಅದೂ ಸಾಹೇಬರ ತಲೀ ಮ್ಯಾಲ.
ಕೆಳಗ ನಾವು, ಮೂರು ಬೆಂಚು.
ನನ್ನ ತಮ್ಮ ಧಾನಪ್ಪ ಇಸ್ತ್ರಿ ಅಂಗಿ ಹಾಕ್ಯಾನ,
ಟಾವೆಲ್ ಕಾರ್ಖಾನಿ ಪಗಾರದ ಚೀಟಿ
ತೆಗೀತಾನ, ಮಡಚ್ತಾನ, ಕಿಸೆದಾಗ ಇಡ್ತಾನ.
ಎಂಟು ಸಾವಿರದ ಚೀಟಿ.
ಉಳಿದ ಒಂಬತ್ತು ಕೈಯಾಗ ಕೊಡ್ತಾರ, ಅದಕ ಚೀಟಿ ಇಲ್ಲ.

ಆ ಕಡೀ ಬೆಂಚಿನ ತುದೀಗ ಸುಗಲಾ.
ಸೆರಗು ಎಡಗಿವಿ ಮುಚ್ಚೇದ.
ಆ ಕಿವಿ ಈಗ ಕೇಳೂದಿಲ್ಲ,
ಯಾರರೆ ಕರದ್ರ ಮೈಯೆಲ್ಲಾ ತಿರಗ್ತಾಳ.

ಇಲ್ಲಿ ಪೋಟಗಿ ಅಂತಾರ. ಪೋಟ ಅಂದ್ರ ಹೊಟ್ಟಿ.
ಗಡಿ ಆಚಿ ಜೀವನಾಂಶ.
ಇಂಡಿ ಕೋರ್ಟಿನಾಗ ನನ್ನ ಕೇಸ್ ನಡದಾಗ ಆ ಮಾತು ಕೇಳಿದ್ದೆ.
ಸಮನ್ಸ್ ಜಾರಿ ಆಗೂದರಾಗ ಎರಡು ವರ್ಷ,
ಒಟ್ಟು ಏಳು ವರ್ಷ, ಮಾತಷ್ಟ ಸಿಕ್ಕಿತು.
ಸಾಕ್ಷಿ ಇರಲಿಲ್ಲ.
ಅಂದಿನಿಂದ ತಮ್ಮನ ಮನಿಯಾಗ ಅದೀನಿ.
ಅವನ ಜ್ವಾಳ, ಅವನ ಗ್ಯಾಸು,
ಅವನ ರೇಶನ್ ಕಾರ್ಡಿನಾಗ ನನ್ನ ಹೆಸರು ಕಡೀದು.

ವಕೀಲರು ಹೇಳಿಕೊಟ್ಟಾರ, ರೊಟ್ಟಿ ಬಡದಂಗ ಬಡದು ಬಡದು:
ಆಕಿ ಶೇಂಗಾ ಚಟ್ನಿ ಕುಟ್ಟಿ ಮಾರ್ತಾಳ, ಗಳಿಕಿ ಅದ.
ಹೊಡದದ್ದು ಸುಳ್ಳು, ರೊಕ್ಕಕ್ಕಂತ ಕಟ್ಟಿದ ಕತಿ.
ಹೊಡದಿಲ್ಲ ಅಂದ್ರ ಮನಿ ಬಿಡಾಕ ಕಾರಣ ಇಲ್ಲ,
ಕಾರಣ ಇಲ್ಲ ಅಂದ್ರ ಪೋಟಗಿ ಇಲ್ಲ.
ನೀವು ಅಕ್ಕ, ಮನಿಯಾಗ ಇದ್ದವರು,
ಕಾಗದದಾಗ ಇದ್ದದ್ದಷ್ಟ ಹೇಳ್ರಿ.

ಕಾಗದ ಸಿವ್ಹಿಲ್ ದವಾಖಾನಿದು. ಶಿಕ್ಕಾ ಹೊಡದದ್ದು.
ಬಚ್ಚಲದಾಗ ಜಾರಿ ಬಿದ್ದಾಳ ಅಂತ ಮರಾಠಿಯೊಳಗ ಬರದಾರ.
ಸುಗಲಾಗ ಅವಾಗ ಮರಾಠಿ ಬರತಿರಲಿಲ್ಲ, ಆಳಂದ ಕಡೀ ಹುಡುಗಿ.
ಕಾಯ ಝಾಲಂ, ಡಾಕ್ಟರಬಾಯಿ ಕೇಳಿದ್ರು.
ಸುಗಲಾ ಕನ್ನಡದಾಗ ಖರೇ ಹೇಳಿದಳು,
ಒಲಿ ಮುಂದಿನ ಮಣಿಯಿಂದ ಹಿಡದು ತನ್ನ ಕಿವಿತನಕ
ಒಂದೂ ಬಿಡದ ಹೇಳಿದಳು.
ನಾನು ಅದನ್ನ ಮರಾಠಿ ಮಾಡಿದೆ:
ಜಾರಿ ಬಿದ್ದಾಳ್ರಿ.
ಡಾಕ್ಟರಬಾಯಿ ನನ್ನ ಮಾರಿ ನೋಡಿದ್ರು, ಆಮ್ಯಾಲ ಪೆನ್ನಿನ ಟೊಪಗಿ ತೆಗದರು.
ಆಕಿ ನನ್ನ ಕೈ ಹಿಡಕೊಂಡಿದ್ದಳು.
ಎಲ್ಲಾ ಹೇಳಿದೇನಕ್ಕಾ?
ಹೇಳೀನಿ ಅಂದೆ.

ಪಟ್ಟೇವಾಲಾ ಮೂರು ಸಲ ಕೂಗಿದ, ಮಹಾನಂದಾ ಅಂತ.
ಕಟಕಟಿ ಕಟ್ಟಿಗಿ ಎಷ್ಟೋ ಮಂದಿ ಬೆವರು ಕುಡದು ನುಣ್ಣಗಾಗೇದ.
ಆಣಿ ಮಾಡಿದೆ.
ವಕೀಲರು ಕಾಗದ ಎತ್ತಿ ಹಿಡದ್ರು: ಜಾರಿ ಬಿದ್ದದ್ದು ಖರೇ ಏನು?
ಮರಾಠಿಯೊಳಗನ ಕೇಳಿದ್ರು.
ಹೂಂ ಅಂದಿದ್ರ ಸಾಕಿತ್ತು,
ಹೂಂಗ ಯಾವ ಭಾಷಾನೂ ಬೇಕಾಗೂದಿಲ್ಲ.

ನನ್ನ ಬಾಯಿಗೆ ಕನ್ನಡ ಬಂತು.
ಮರಾಠಿಯೊಳಗ ನನಗ ಆ ಸುಳ್ಳಷ್ಟ ಪಾಠ ಆಗಿತ್ತೇನೋ.
ಜಾರಿಲ್ಲರಿ ಆಕಿ.
ಹಿಟ್ಟಿನ ಕೈ ಇನ್ನಾ ತೊಳಕೊಂಡಿರಲಿಲ್ಲ, ಅಷ್ಟರಾಗ ಇಂವ...

ಸಾಹೇಬರಿಗೆ ತಿಳಿಲಿಲ್ಲ.
ಟೈಪ್ ಮಾಡೂ ಹುಡುಗ ಬಟ್ಟು ಮ್ಯಾಲೆತ್ತಿ ಕುಂತ.
ಕನ್ನಡ ಬರೂ ಮನಶ್ಯಾನ್ನ ಕರೀರಿ, ಅಲ್ಲೀತನಕ ತಡೀರಿ ಅಂದ್ರು.
ಆ ಹೊತ್ತಿನಾಗ ತಿಳಿದದ್ದು ಇಬ್ಬರಿಗೆ ಅಷ್ಟ.
ಧಾನಪ್ಪ ಚೀಟಿ ಮಡಚೂದು ಬಿಟ್ಟ.
ಸುಗಲಾ ಬಲಗಿವಿ ನನ್ನ ಕಡೀಗ ಮಾಡಿದಳು.

ಸಂಜೀಕ ಅಂವ ಗಾಡಿ ಮ್ಯಾಲ ಒಬ್ಬನ ಹೋದ.
ಪೋಟಗಿ ಎಷ್ಟು ಅನ್ನೂದು ಮುಂದಿನ ತಾರೀಖಿಗೆ.
ಎಸ್ಟಿಯಾಗ ಹೆಣ್ಣಮಕ್ಕಳಿಗೆ ಅರ್ಧ ಟಿಕೀಟು,
ಗಂಟು ಬಿಚ್ಚಿ ಎಣಿಸಿದೆ, ಸಾಲತಿತ್ತು.
ಕುಠಂ, ಕಂಡಕ್ಟರ್ ಕೇಳಿದ.
ಹಿಂದಿನ ಮಂದಿ ದೂಕ್ತಿದ್ರು.
ಅಕ್ಕಲಕೋಟ ಅಂದೆ.
ಮುಂಜಾನೆ ಮಡಕಿ ಕಾಳು ನೆನಿ ಇಟ್ಟು ಬಂದಿದ್ದೆ,
ನೀರು ಬದಲಿ ಮಾಡದಿದ್ರ ನಾತ ಹಿಡಿತಾವ.